ಶಿಲೀಂಧ್ರ ಸೋಂಕಿಗೆ ಲೋಹದ ನ್ಯಾನೋಕಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದಲ್ಲಿ ಬರುವ ಪ್ರಶ್ನೆಗಳು ಎರಡು ಬಗೆಯವು. ಮೈಮೇಲೆ ಹುಳುಕಡ್ಡಿ ಎದ್ದವರು ಕೇಳುವವು ಒಂದು ಬಗೆ, ಪ್ರಯೋಗಾಲಯದಲ್ಲಿ ಬೆಳ್ಳಿ ನೈಟ್ರೇಟ್ ಹಿಡಿದು ಕೂತವರು ಕೇಳುವವು ಇನ್ನೊಂದು. ಎರಡನ್ನೂ ಇಲ್ಲಿ ಸೇರಿಸಿದ್ದೇವೆ. ಸುಲಭದವು ಮೊದಲು.

## ಮೊದಲು ತಿಳಿಯಬೇಕಾದವು

ನ್ಯಾನೋಕಣ ಅಂದರೆ ಬರೀ ಸಣ್ಣ ಪುಡಿ ತಾನೆ? ಬೆಳ್ಳಿ ಪುಡಿಗೂ ಅದಕ್ಕೂ ಏನು ವ್ಯತ್ಯಾಸ?

ಪುಡಿಯೇ ಹೌದು, ಆದರೆ ಎಷ್ಟು ಸಣ್ಣದು ಅನ್ನುವುದರಲ್ಲೇ ಎಲ್ಲ ಇದೆ. 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಕ್ಕೆ ಈ ಹೆಸರು. ಕ್ಯಾಂಡಿಡಾ ಯೀಸ್ಟಿನ ಒಂದು ಜೀವಕೋಶದ ಅಗಲ ಸುಮಾರು 5 ಮೈಕ್ರೋಮೀಟರ್. ಅದರ ಅಡ್ಡಕ್ಕೆ 10 ನ್ಯಾನೋಮೀಟರಿನ ಬೆಳ್ಳಿ ಕಣಗಳನ್ನು ಸಾಲಾಗಿ ಜೋಡಿಸಿದರೆ ಐನೂರು ಹಿಡಿಯುತ್ತವೆ.

ಒಂದು ಗ್ರಾಂ ಬೆಳ್ಳಿಯನ್ನು 1 ಮಿಲಿಮೀಟರಿನ ಗುಂಡುಗಳಾಗಿ ಮಾಡಿದರೆ ಎಲ್ಲದರ ಹೊರಮೈ ಸೇರಿ ಆರು ಚದರ ಸೆಂಟಿಮೀಟರೂ ಆಗುವುದಿಲ್ಲ. ಅದೇ ಒಂದು ಗ್ರಾಂ 10 ನ್ಯಾನೋಮೀಟರಿನ ಕಣಗಳಾದರೆ ಹೊರಮೈ ಸುಮಾರು 57 ಚದರ ಮೀಟರ್. ಬೆಳ್ಳಿ ಕರಗಿ ಅಯಾನಾಗುವುದು, ಆಮ್ಲಜನಕದೊಡನೆ ವರ್ತಿಸುವುದು, ಜೀವಕೋಶಕ್ಕೆ ಅಂಟುವುದು ಎಲ್ಲವೂ ಹೊರಮೈಯಲ್ಲೇ ನಡೆಯುವುದರಿಂದ, ಗಟ್ಟಿ ಲೋಹ ತೋರಿಸದ ಗುಣವನ್ನು ಕಣ ತೋರಿಸುತ್ತದೆ.

ಶಿಲೀಂಧ್ರಕ್ಕೆ ಔಷಧಿಗಳು ಇವೆಯಲ್ಲ, ಇದರ ಹಿಂದೆ ಯಾಕೆ ಬಿದ್ದಿದ್ದಾರೆ?

ಇವೆ, ಆದರೆ ಬ್ಯಾಕ್ಟೀರಿಯಾಕ್ಕೆ ಇರುವಷ್ಟು ಬಗೆಯವು ಇಲ್ಲ. ಅಜೋಲ್‌ಗಳು (ಫ್ಲುಕೊನಜೋಲ್, ಇಟ್ರಾಕೊನಜೋಲ್, ವೊರಿಕೊನಜೋಲ್), ಆಂಫೊಟೆರಿಸಿನ್ ಬಿ, ಕ್ಯಾಸ್ಪೊಫಂಗಿನ್ ಮೊದಲಾದ ಎಕಿನೊಕ್ಯಾಂಡಿನ್‌ಗಳು, ಚರ್ಮಕ್ಕೂ ಉಗುರಿಗೂ ಟರ್ಬಿನಾಫಿನ್. ಮುಖ್ಯವಾದವು ಇಷ್ಟೇ. ಶಿಲೀಂಧ್ರವೂ ನಮ್ಮ ಹಾಗೆ ಕೋಶಕೇಂದ್ರ ಇರುವ ಜೀವಿ. ಅದಕ್ಕೆ ಏಟು ಬಿದ್ದು ನಮಗೆ ಬೀಳದಂಥ ಜಾಗ ಹುಡುಕುವುದು ಕಷ್ಟ.

ಇರುವ ಔಷಧಿಗಳಿಗೂ ಶಿಲೀಂಧ್ರಗಳು ಒಗ್ಗಿಕೊಳ್ಳುತ್ತಿವೆ. ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ತೆಗೆದು 2009ರಲ್ಲಿ ಮೊದಲು ವರ್ಣಿಸಿದ ಕ್ಯಾಂಡಿಡಾ ಆರಿಸ್‌ನ ಹಲವು ತಳಿಗಳಿಗೆ ಫ್ಲುಕೊನಜೋಲ್ ನಾಟುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 19 ಶಿಲೀಂಧ್ರಗಳ ಆದ್ಯತಾ ಪಟ್ಟಿ ಹೊರಡಿಸಿದಾಗ ಅತಿ ಗಂಭೀರ ಗುಂಪಿನಲ್ಲಿ ಇದನ್ನೂ ಸೇರಿಸಿತು. ಜೊತೆಗಿದ್ದವು ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡಾ ಆಲ್ಬಿಕನ್ಸ್. ಲೋಹ ಒಂದೇ ಕಿಣ್ವದ ಮೇಲೆ ಕೂರದೆ ಹಲವು ಕಡೆ ಏಟು ಹಾಕುತ್ತದೆ ಎಂಬುದೇ ಇದರ ಆಕರ್ಷಣೆ. ಅಡ್ಡಿಯೂ ಅದೇ. ಹಲವು ಕಡೆ ಏಟು ಹಾಕುವ ವಸ್ತು ನಮ್ಮ ಜೀವಕೋಶವನ್ನೂ ಬಿಡುವುದಿಲ್ಲ.

ಡಾಕ್ಟರು ಈಗಾಗಲೇ ಇದನ್ನು ಬರೆದುಕೊಡುತ್ತಾರಾ?

ಇಲ್ಲ. ಶಿಲೀಂಧ್ರ ಸೋಂಕಿನ ಚಿಕಿತ್ಸಾ ಮಾರ್ಗಸೂಚಿಗಳಲ್ಲಿ ಜಾಗ ಪಡೆದ ಲೋಹದ ನ್ಯಾನೋಕಣದ ಔಷಧ ಸದ್ಯಕ್ಕೆ ಇಲ್ಲ. ಆಸ್ಪತ್ರೆಯಲ್ಲಿ ಕೊಡುವ ಲೈಪೊಸೋಮಲ್ ಆಂಫೊಟೆರಿಸಿನ್ ಗಾತ್ರದಲ್ಲಿ ನ್ಯಾನೋ ಹೌದು, ಆದರೆ ಅದು ಕೊಬ್ಬಿನ ಗುಳ್ಳೆ, ಲೋಹವಲ್ಲ. ಸುಟ್ಟ ಗಾಯಕ್ಕೆ ಹಚ್ಚುವ 1% ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಬೆಳ್ಳಿಯ ಔಷಧ ಹೌದು, ಆದರೆ ನ್ಯಾನೋಕಣವಲ್ಲ. ನ್ಯಾನೋ ಬೆಳ್ಳಿ ಲೇಪಿಸಿದ ಗಾಯದ ಪಟ್ಟಿಗಳು ಬಳಕೆಯಲ್ಲಿವೆ. ಅವು ಗಾಯಕ್ಕೆ ಸೋಂಕು ತಗಲದಿರಲೆಂದು, ಹುಳುಕಡ್ಡಿ ವಾಸಿ ಮಾಡಲಿಕ್ಕಲ್ಲ.

ಕೊಲಾಯ್ಡಲ್ ಸಿಲ್ವರ್ ಕುಡಿದರೆ ಒಳಗಿನ ಫಂಗಸ್ ಹೋಗುತ್ತದೆ ಅಂತಾರೆ, ನಿಜವಾ?

ಕುಡಿಯಬೇಡಿ. ಬೆಳ್ಳಿಯ ಸಣ್ಣ ಕಣಗಳು ತೇಲುವ ನೀರು ಅದು. ಬೆಳ್ಳಿ ಮೈಯಲ್ಲಿ ಸೇರಿಕೊಂಡು ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುವುದಕ್ಕೆ ಆರ್ಜೀರಿಯಾ ಎನ್ನುತ್ತಾರೆ. ಒಮ್ಮೆ ಬಂದ ಬಣ್ಣ ಕುಡಿಯುವುದನ್ನು ನಿಲ್ಲಿಸಿದರೂ ಹೋಗುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿರುವ ಮಿತಿ ದಿನಕ್ಕೆ ದೇಹದ ಪ್ರತಿ ಕಿಲೋಗೆ 0.005 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 0.3 ಮಿಲಿಗ್ರಾಂ. ಲೀಟರಿಗೆ 30 ಮಿಲಿಗ್ರಾಂ ಬೆಳ್ಳಿಯಿರುವ ದ್ರಾವಣವಾದರೆ 10 ಮಿಲಿಲೀಟರಿನಲ್ಲೇ ಅಷ್ಟೂ ಬಂದುಬಿಡುತ್ತದೆ. ಇಂಥ ಉತ್ಪನ್ನಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ.

ಇನ್ನೊಂದು ತೊಂದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಥೈರಾಯ್ಡಿನ ಮಾತ್ರೆ ಮತ್ತು ಕೆಲವು ಆ್ಯಂಟಿಬಯಾಟಿಕ್‌ಗಳು ಮೈಗೆ ಹತ್ತದಂತೆ ಬೆಳ್ಳಿ ತಡೆಯುತ್ತದೆ.

ಹುಳುಕಡ್ಡಿಗೆ ನ್ಯಾನೋ ಸಿಲ್ವರ್ ಜೆಲ್ ಹಚ್ಚಿಕೊಳ್ಳಲಾ?

ಅದನ್ನೇ ನಂಬಿ ಕೂರಬೇಡಿ. ಮೊದಲು ಅದು ಹುಳುಕಡ್ಡಿಯೇ ಎಂದು ಖಾತ್ರಿಯಾಗಲಿ. ಅಂಚಿನಿಂದ ಕೆರೆದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ 10ರಿಂದ 20% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಗಳು ಕಾಣುತ್ತವೆ. ಕೆಲವೇ ನಿಮಿಷಗಳ ಕೆಲಸ. ಚಿಕಿತ್ಸೆಗೆ ಟರ್ಬಿನಾಫಿನ್, ಕ್ಲೊಟ್ರಿಮಜೋಲ್, ಇಟ್ರಾಕೊನಜೋಲ್‌ಗಳಿಗೆ ರೋಗಿಗಳ ಮೇಲಿನ ಪುರಾವೆ ಇದೆ. ಜೆಲ್‌ಗೆ ಅಂಥ ಪುರಾವೆ ಇಲ್ಲ. ಹಚ್ಚುವ ಕ್ರೀಮಿನಲ್ಲಿ ಸ್ಟೆರಾಯ್ಡ್ ಸೇರಿದೆಯೇ ಎಂದು ಮಾತ್ರ ತಪ್ಪದೆ ನೋಡಿ. ಸ್ಟೆರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸಿ, ಶಿಲೀಂಧ್ರವನ್ನು ಆರಾಮಾಗಿ ಹಬ್ಬಲು ಬಿಡುತ್ತದೆ.

ಉಗುರಿನ ಫಂಗಸ್‌ಗಾದರೂ ಉಪಯೋಗಕ್ಕೆ ಬರುತ್ತದಾ? ಕಣ ಅಷ್ಟು ಸಣ್ಣದಿದ್ದರೆ ಉಗುರಿನೊಳಗೆ ಇಳಿಯಬೇಕಲ್ಲ?

ಇಲ್ಲಿ ಅಳತೆ ಮೋಸ ಮಾಡುತ್ತದೆ. ಕಣ ಸಣ್ಣದೇ, ಆದರೆ ಔಷಧದ ಅಣುವಿಗೆ ಹೋಲಿಸಿದರೆ ಬಲು ದೊಡ್ಡದು. ಟರ್ಬಿನಾಫಿನ್ ಅಣು ಒಂದೆರಡು ನ್ಯಾನೋಮೀಟರನ್ನೂ ಮೀರದು, ಅಷ್ಟು ಸಣ್ಣದಕ್ಕೂ ಒತ್ತಾದ ಕೆರಾಟಿನ್‌ನ ಉಗುರಿನಲ್ಲಿ ಇಳಿಯುವುದು ಕಷ್ಟ. 20 ನ್ಯಾನೋಮೀಟರಿನ ಬೆಳ್ಳಿ ಕಣಕ್ಕೆ ಇನ್ನೂ ಕಷ್ಟ. ಸಾಲದ್ದಕ್ಕೆ ಕೆರಾಟಿನ್ ತುಂಬ ಗಂಧಕದ ಗುಂಪುಗಳಿವೆ. ಬೆಳ್ಳಿ ಅಯಾನು ಗಂಧಕವನ್ನು ಕಂಡರೆ ಅಲ್ಲೇ ಕೂತುಬಿಡುತ್ತದೆ, ಶಿಲೀಂಧ್ರ ಇರುವ ಉಗುರಿನ ಹಾಸಿಗೆ ತಲುಪುವುದೇ ಇಲ್ಲ. ಉಗುರನ್ನು ತೆಳ್ಳಗೆ ಉಜ್ಜಿ ಅಥವಾ ಯೂರಿಯಾದಿಂದ ಮೆದು ಮಾಡಿ ಹಚ್ಚುವ ಪ್ರಯತ್ನಗಳು ನಡೆದಿವೆ. ಏನೇ ಹಚ್ಚಿದರೂ ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆದು ಬರಲು ವರ್ಷದಿಂದ ಒಂದೂವರೆ ವರ್ಷ ಬೇಕು. ಎರಡು ತಿಂಗಳಲ್ಲಿ ಹೊಳೆಯುವ ಉಗುರು ತೋರಿಸುವ ಚಿತ್ರಗಳನ್ನು ನಂಬದಿರಲು ಇಷ್ಟು ತಿಳಿದಿದ್ದರೆ ಸಾಕು.

## ಕೆಲಸ ಮಾಡುವುದು ಹೇಗೆ

ಶಿಲೀಂಧ್ರವನ್ನು ಕೊಲ್ಲುವುದು ಕಣವೋ, ಅದರಿಂದ ಕರಗಿದ ಅಯಾನೋ?

ಬೆಳ್ಳಿಯ ವಿಷಯದಲ್ಲಿ ಹೆಚ್ಚಿನ ಕೆಲಸ ಅಯಾನಿನದು. ಕಣವನ್ನು ಅಯಾನಿನ ಉಗ್ರಾಣ ಎಂದುಕೊಳ್ಳಿ. ಜೀವಕೋಶದ ಗೋಡೆಗೆ ಅಂಟಿ ಕೂತು, ಅಲ್ಲೇ ಸ್ವಲ್ಪಸ್ವಲ್ಪವಾಗಿ ಆಕ್ಸಿಡೀಕರಣಗೊಂಡು ಕರಗುತ್ತದೆ. ಹೊರಬಂದ ಅಯಾನು ಪ್ರೋಟೀನುಗಳ ಗಂಧಕ-ಜಲಜನಕ ಗುಂಪುಗಳನ್ನು ಹಿಡಿಯುತ್ತದೆ, ಮೈಟೊಕಾಂಡ್ರಿಯಾದ ಉಸಿರಾಟ ಕೆಡಿಸುತ್ತದೆ. ಉಸಿರಾಟದ ಸರಪಳಿ ಕೆಟ್ಟಾಗ ಸೋರುವ ಎಲೆಕ್ಟ್ರಾನುಗಳು ಆಮ್ಲಜನಕಕ್ಕೆ ಸೇರಿ ಚುರುಕಾದ ಆಕ್ಸಿಡೀಕಾರಕಗಳಾಗುತ್ತವೆ. ಅವು ಪೊರೆಯನ್ನೂ ಡಿಎನ್‌ಎಯನ್ನೂ ಹಾಳುಮಾಡುತ್ತವೆ. ಪೊರೆ ತೂತಾದರೆ ಪೊಟ್ಯಾಸಿಯಂ ಹೊರಗೆ ಸೋರುತ್ತದೆ.

ಸತುವಿನ ಆಕ್ಸೈಡಿನಲ್ಲೂ ಅಯಾನಿನ ಪಾಲು ದೊಡ್ಡದು. ಆಮ್ಲೀಯ ದ್ರವದಲ್ಲಿ ಅದು ಬೇಗ ಕರಗುತ್ತದೆ. ಟೈಟೇನಿಯಂ ಡೈಆಕ್ಸೈಡ್ ಬೇರೆ ದಾರಿ ಹಿಡಿಯುತ್ತದೆ. ಕರಗುವುದೇ ಇಲ್ಲ, ಆದರೆ ಅತಿನೇರಳೆ ಬೆಳಕು ಬಿದ್ದಾಗ ಆಕ್ಸಿಡೀಕಾರಕಗಳನ್ನು ಹುಟ್ಟಿಸುತ್ತದೆ. ಕತ್ತಲಲ್ಲಿ ಅದರ ಕೆಲಸ ನಿಂತ ಹಾಗೆಯೇ.

ಬೆಳ್ಳಿ, ತಾಮ್ರ, ಸತು, ಚಿನ್ನ: ಇವುಗಳಲ್ಲಿ ಯಾವುದು ಒಳ್ಳೆಯದು?

ಎಲ್ಲಿಗೆ ಬೇಕು ಎಂದು ತಿಳಿಯದೆ ಇದಕ್ಕೆ ಉತ್ತರವಿಲ್ಲ. ಕಡಿಮೆ ಪ್ರಮಾಣದಲ್ಲಿ ಬಲವಾಗಿ ಕೆಲಸ ಮಾಡುವುದು ಬೆಳ್ಳಿ. ತಾಮ್ರ ಅಗ್ಗ. 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ಬಂದ ಬೋರ್ಡೋ ದ್ರಾವಣದ ಕಾಲದಿಂದ ಗಿಡದ ರೋಗಗಳ ಮೇಲೆ ಅದರ ಹೆಸರು ಗಟ್ಟಿ. ಆದರೆ ಲೋಹರೂಪದ ತಾಮ್ರದ ನ್ಯಾನೋಕಣ ಗಾಳಿಗೆ ಬಂದರೆ ಆಕ್ಸೈಡಾಗಿಬಿಡುತ್ತದೆ, ಬಾಟಲಿಯಲ್ಲಿ ಉಳಿಸಿಕೊಳ್ಳುವುದೇ ಸಾಹಸ. ಸತುವಿನ ಆಕ್ಸೈಡ್ ಚರ್ಮಕ್ಕೆ ಹಚ್ಚುವ ವಸ್ತುವಾಗಿ ಹಳೆಯ ಪರಿಚಯ, ಬಿಳಿ ಬಣ್ಣ, ಕಲೆ ಉಳಿಸುವುದಿಲ್ಲ. ಅದಕ್ಕೆ ಬೇಕಾಗುವ ಪ್ರಮಾಣ ಮಾತ್ರ ಬೆಳ್ಳಿಗಿಂತ ಬಹಳ ಹೆಚ್ಚು. ಚಿನ್ನ ತಾನಾಗಿ ಅಷ್ಟೇನೂ ಕೊಲ್ಲುವುದಿಲ್ಲ. ಔಷಧವನ್ನು ಮೈಮೇಲೆ ಹೊತ್ತು ಸಾಗಿಸಲು, ಅಥವಾ ಅವಕೆಂಪು ಲೇಸರ್ ಬಿದ್ದಾಗ ಬಿಸಿಯಾಗಿ ಸುತ್ತಲಿನ ಜೀವಕೋಶವನ್ನು ಬೇಯಿಸಲು ಅದು ಬೇಕು.

ಬ್ಯಾಕ್ಟೀರಿಯಾವನ್ನು ಕೊಂದ ಪ್ರಮಾಣವೇ ಶಿಲೀಂಧ್ರಕ್ಕೂ ಸಾಕಾ?

ಹಾಗೆಂದು ಹಿಡಿಯಬೇಡಿ. ಕೈಟಿನ್, ಗ್ಲೂಕನ್, ಮ್ಯಾನೊಪ್ರೋಟೀನುಗಳ ದಪ್ಪ ಗೋಡೆ ಅಯಾನುಗಳನ್ನು ಹೊರಗೇ ಹಿಡಿದಿಡುತ್ತದೆ. ಅದರಲ್ಲೂ ಆಸ್ಪರ್ಜಿಲಸ್ ಬೀಜಕ ಮತ್ತು ಅದೇ ಶಿಲೀಂಧ್ರದ ಎಳೆ ಒಂದೇ ರೀತಿ ಸಾಯುವುದಿಲ್ಲ. ಯಾವ ರೂಪದ ಮೇಲೆ ಪರೀಕ್ಷಿಸಿದಿರಿ ಎಂದು ಬರೆಯದ ಸಂಖ್ಯೆಗೆ ಬೆಲೆ ಇಲ್ಲ.

## ಪ್ರಯೋಗಾಲಯದ ಪ್ರಶ್ನೆಗಳು

ಬೆಳ್ಳಿ ನ್ಯಾನೋಕಣ ತಯಾರಿಸುವ ಸರಳ ವಿಧಾನ, ಅಳತೆ ಸಮೇತ ಹೇಳಿ.

ಕಲಿಯಲು ಬೋರೋಹೈಡ್ರೈಡ್ ವಿಧಾನ ಚೆನ್ನಾಗಿದೆ, ಒಂದು ತರಗತಿಯ ಅವಧಿಯಲ್ಲಿ ಮುಗಿಯುತ್ತದೆ. ಬೇಕಾದವು ಎರಡೇ ದ್ರಾವಣ. 1 ಮಿಲಿಮೋಲಾರ್ ಬೆಳ್ಳಿ ನೈಟ್ರೇಟ್: 17 ಮಿಲಿಗ್ರಾಂ ತೂಗಿ 100 ಮಿಲಿಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಕಂದು ಬಾಟಲಿಯಲ್ಲಿಡಿ. 2 ಮಿಲಿಮೋಲಾರ್ ಸೋಡಿಯಂ ಬೋರೋಹೈಡ್ರೈಡ್: 7.6 ಮಿಲಿಗ್ರಾಂ, 100 ಮಿಲಿಲೀಟರ್ ಮಂಜಿನಷ್ಟು ತಣ್ಣಗಿನ ನೀರಿಗೆ. ಇದನ್ನು ಬಳಸುವ ಹೊತ್ತಿಗೇ ಮಾಡಬೇಕು. ನೀರಿನಲ್ಲಿ ಜಲಜನಕ ಬಿಡುತ್ತಾ ತಾನೇ ಸತ್ತುಹೋಗುವ ವಸ್ತು ಅದು, ನಿನ್ನೆಯ ದ್ರಾವಣ ಇಂದಿಗೆ ಬರಿ ನೀರು.

ಶಂಕುವಿನಾಕಾರದ ಫ್ಲಾಸ್ಕಿಗೆ ಬೋರೋಹೈಡ್ರೈಡ್ 30 ಮಿಲಿಲೀಟರ್ ಹಾಕಿ ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರಿಸಿ, ಕಾಂತೀಯ ಕಲಕದಿಂದ ತಿರುಗಿಸುತ್ತಿರಿ. ಬೆಳ್ಳಿ ನೈಟ್ರೇಟ್ 10 ಮಿಲಿಲೀಟರನ್ನು ಬ್ಯೂರೆಟ್ಟಿನಿಂದ ಸೆಕೆಂಡಿಗೆ ಒಂದು ಹನಿಯಂತೆ ಬಿಡಿ. ಎರಡು ಮಿಲಿಲೀಟರ್ ಬಿದ್ದಾಗ ತಿಳಿ ಹಳದಿ ಕಾಣುತ್ತದೆ, ಪೂರ್ತಿ ಬಿದ್ದಾಗ ನಿಂಬೆಹಣ್ಣಿನ ಹಳದಿ. ಬಿದ್ದು ಮುಗಿದ ಕೂಡಲೇ ಕಲಕುವುದನ್ನು ನಿಲ್ಲಿಸಿ, ಕಡ್ಡಿಯನ್ನು ಹೊರತೆಗೆಯಿರಿ. ಸರಿಯಾಗಿ ಬಂದರೆ ಕಣ ಸುಮಾರು 12 ನ್ಯಾನೋಮೀಟರ್, ಬೆಳಕು ಹೀರುವ ಶಿಖರ 400 ನ್ಯಾನೋಮೀಟರಿನ ಆಸುಪಾಸು.

ಈಗ ಲೆಕ್ಕ ನೋಡಿ. 10 ಮೈಕ್ರೋಮೋಲ್ ಬೆಳ್ಳಿ 40 ಮಿಲಿಲೀಟರಿನಲ್ಲಿದೆ, ಅಂದರೆ ಮಿಲಿಲೀಟರಿಗೆ 27 ಮೈಕ್ರೋಗ್ರಾಂ. ಇದನ್ನು ಹಾಗೇ ಎಂಐಸಿ ತಟ್ಟೆಯಲ್ಲಿ (ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ ನೋಡುವ ತಟ್ಟೆ, ವಿವರ ಮುಂದಿದೆ) ಅರ್ಧಕ್ಕರ್ಧ ಬೆರೆಸಿದರೆ ಮೊದಲ ಕುಳಿಯಲ್ಲೇ ಇರುವುದು 13.5. ಅದಕ್ಕಿಂತ ಮೇಲಿನ ಪ್ರಮಾಣ ಬೇಕಿದ್ದರೆ ಸಾಂದ್ರಗೊಳಿಸಬೇಕು.

ಹಳದಿ ಬರಬೇಕಿತ್ತು, ನಮ್ಮದು ನೇರಳೆಯಾಗಿ ಆಮೇಲೆ ಬೂದು ಬಂತು. ಎಲ್ಲಿ ತಪ್ಪಿದೆವು?

ಕಣಗಳು ಮುದ್ದೆಗಟ್ಟಿವೆ. ಕಡು ಹಳದಿ, ನೇರಳೆ, ಬೂದು, ಕೊನೆಗೆ ತಳದಲ್ಲಿ ಕಪ್ಪು ಗಸಿ. ಮುದ್ದೆಗಟ್ಟುವ ಮೆಟ್ಟಿಲುಗಳು ಇದೇ ಕ್ರಮದಲ್ಲಿ ಕಾಣುತ್ತವೆ. ಕಣದ ಮೇಲೆ ಕೂತ ಬೋರೋಹೈಡ್ರೈಡಿನ ಋಣ ವಿದ್ಯುದಂಶವೇ ಒಂದನ್ನೊಂದು ದೂರ ಇಟ್ಟಿರುತ್ತದೆ. ಅದು ಕರಗಿಹೋದರೆ ಕಣಗಳು ಅಂಟಿಕೊಳ್ಳುತ್ತವೆ. ಹಳೆಯ ಬೋರೋಹೈಡ್ರೈಡ್, ಕರಗಿಹೋದ ಮಂಜುಗಡ್ಡೆ, ಬೆಳ್ಳಿ ಮುಗಿದ ಮೇಲೂ ಕಲಕುತ್ತಲೇ ಇದ್ದದ್ದು: ಹತ್ತರಲ್ಲಿ ಒಂಬತ್ತು ಸಲ ಕಾರಣ ಈ ಮೂರರಲ್ಲೊಂದು.

ಹಳದಿಯೇ ಬಾರದೆ ಹಾಲಿನಂತೆ ಬೆಳ್ಳಗಾದರೆ ನೀರಿನಲ್ಲಿ ಕ್ಲೋರೈಡ್ ಇದೆ ಎಂದರ್ಥ. ನಲ್ಲಿ ನೀರಲ್ಲಿ ತೊಳೆದ ಫ್ಲಾಸ್ಕಿನ ತೇವವೇ ಇದಕ್ಕೆ ಸಾಕು. ಗಾಜನ್ನು ನೈಟ್ರಿಕ್ ಆಮ್ಲದಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಹಲವು ಸಲ ಜಾಲಿಸಿ.

ಚೆನ್ನಾಗಿ ಬಂದದ್ದನ್ನು ಉಳಿಸಿಕೊಳ್ಳಲು 0.3% ಪಿವಿಪಿ (ಕಣಕ್ಕೆ ಲೇಪನವಾಗುವ ಪಾಲಿಮರ್) ದ್ರಾವಣ ಸ್ವಲ್ಪ ಸೇರಿಸಿ, ಕತ್ತಲಲ್ಲಿ 4 ಡಿಗ್ರಿಯಲ್ಲಿಡಿ. ಹೆಪ್ಪುಗಟ್ಟಲು ಬಿಡಬೇಡಿ. ಮಂಜಿನ ಹರಳು ಬೆಳೆಯುತ್ತಾ ಕಣಗಳನ್ನು ಒಂದೆಡೆಗೆ ನೂಕುತ್ತದೆ, ಕರಗಿಸಿದ ಮೇಲೆ ಅವು ಮತ್ತೆ ಬಿಡಿಯಾಗುವುದಿಲ್ಲ.

ಎಲೆಯ ಕಷಾಯದಿಂದ ಮಾಡಿದ "ಹಸಿರು" ಕಣ ಹೆಚ್ಚು ಸುರಕ್ಷಿತ ಅಲ್ಲವಾ?

ಹಸಿರು ಎಂಬುದು ತಯಾರಿಯ ವಿಧಾನಕ್ಕೆ ಇಟ್ಟ ಹೆಸರು, ಕಣದ ಸ್ವಭಾವಕ್ಕಲ್ಲ. 10 ಗ್ರಾಂ ಎಲೆಯನ್ನು 100 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಸೋಸಿ, ಒಂದು ಪಾಲು ಕಷಾಯಕ್ಕೆ ಒಂಬತ್ತು ಪಾಲು 1 ಮಿಲಿಮೋಲಾರ್ ಬೆಳ್ಳಿ ನೈಟ್ರೇಟ್ ಬೆರೆಸಿದರೆ ಕಂದು ಬಣ್ಣ ಬರುತ್ತದೆ. ಅದೇನೂ ದೊಡ್ಡ ವಿದ್ಯೆಯಲ್ಲ. ತೊಡಕು ಆಮೇಲಿನದು. ಎಲೆ ಎಳೆಯದೋ ಬಲಿತದ್ದೋ, ಯಾವ ಋತುವಿನಲ್ಲಿ ಕಿತ್ತದ್ದು ಎಂಬುದರ ಮೇಲೆ ಅದರ ಫೀನಾಲ್‌ಗಳು ಬದಲಾಗುತ್ತವೆ, ಅವುಗಳ ಜೊತೆ ಕಣದ ಗಾತ್ರವೂ. ಕಷಾಯಕ್ಕೇ ಶಿಲೀಂಧ್ರ ತಡೆಯುವ ಗುಣ ಇರಬಹುದು, ಬೆಳ್ಳಿ ಪೂರ್ತಿ ಅಪಕರ್ಷಣಗೊಳ್ಳದೆ ಅಯಾನಾಗಿಯೇ ಉಳಿದಿರಬಹುದು. ಈ ಎರಡನ್ನೂ ಬೇರೆಬೇರೆ ಪರೀಕ್ಷಿಸದೆ ಬರೆದ ಫಲಿತಾಂಶ ಕಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ವಿಧಾನದ ಪ್ರಬಂಧಗಳ ರಾಶಿಯಲ್ಲಿ ಬಹುಪಾಲು ಇಲ್ಲೇ ಎಡವುತ್ತವೆ.

ಡಿಎಲ್‌ಎಸ್‌ನಲ್ಲಿ (ಚದುರಿದ ಬೆಳಕಿನಿಂದ ಗಾತ್ರ ಅಳೆಯುವ ವಿಧಾನ) 60 ನ್ಯಾನೋಮೀಟರ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 15. ಯಾವುದನ್ನು ಬರೆಯಲಿ?

ಎರಡನ್ನೂ ಬರೆಯಿರಿ. ಸೂಕ್ಷ್ಮದರ್ಶಕ ಒಣಗಿದ ಲೋಹದ ತಿರುಳನ್ನು ಅಳೆಯುತ್ತದೆ. ಡಿಎಲ್‌ಎಸ್ ಲೇಪನ, ಅಂಟಿದ ನೀರು ಸೇರಿದಂತೆ ದ್ರವದಲ್ಲಿ ತೇಲುವ ಗಾತ್ರವನ್ನು ಹೇಳುತ್ತದೆ. ಜೊತೆಗೆ ಚದುರುವ ಬೆಳಕು ಗಾತ್ರದ ಆರನೇ ಘಾತದಷ್ಟು ಏರುವುದರಿಂದ ನಾಲ್ಕಾರು ಮುದ್ದೆಗಳಿದ್ದರೂ ಸರಾಸರಿ ಮೇಲಕ್ಕೆ ಹಾರುತ್ತದೆ. ಅಳತೆಯನ್ನು ನೀರಿನಲ್ಲಷ್ಟೇ ಅಲ್ಲ, ಶಿಲೀಂಧ್ರ ಬೆಳೆಸುವ ಮಾಧ್ಯಮದಲ್ಲೂ ಮಾಡಿ. ಝೀಟಾ ವಿಭವ (ಕಣಗಳನ್ನು ದೂರ ಇಡುವ ಮೇಲ್ಮೈ ವಿದ್ಯುದಂಶದ ಅಳತೆ) ಮೈನಸ್ 30 ಮಿಲಿವೋಲ್ಟ್ ಇದೆ ಎಂದು ಬೀಗುತ್ತಿದ್ದ ದ್ರಾವಣ ಮಾಧ್ಯಮದ ಉಪ್ಪಿಗೆ ಬಿದ್ದ ಐದು ನಿಮಿಷದಲ್ಲಿ ಗಸಿಯಾಗುವುದುಂಟು.

ಅಗರ್ ತಟ್ಟೆಯಲ್ಲಿ ಬಿಲ್ಲೆ ಇಟ್ಟೆವು, ಸುತ್ತ ವಲಯವೇ ಬರಲಿಲ್ಲ. ಕಣ ಕೆಲಸ ಮಾಡುತ್ತಿಲ್ಲವಾ?

ಅಗರ್‌ನಲ್ಲಿ ಕಣ ಚಲಿಸುವುದೇ ಕಡಿಮೆ. ಕಾಣುವ ವಲಯ, ಅಂದರೆ ಬಿಲ್ಲೆಯ ಸುತ್ತ ಶಿಲೀಂಧ್ರ ಬೆಳೆಯದ ಜಾಗ, ಬಹುಪಾಲು ಅಯಾನು ಹರಡಿದ ದೂರ. ಹೀಗಾಗಿ ಕೆಟ್ಟ, ಬೇಗ ಕರಗುವ ಕಣ ದೊಡ್ಡ ವಲಯ ಕೊಟ್ಟು ಗಟ್ಟಿ ಕಣ ಏನೂ ಕೊಡದಿರಬಹುದು. ಎರಡು ಕಣಗಳನ್ನು ಹೋಲಿಸಲು ಈ ವಿಧಾನ ಬೇಡ, ದ್ರವ ಮಾಧ್ಯಮಕ್ಕೆ ಹೋಗಿ.

ಹಾಗಾದರೆ ಎಂಐಸಿ ಸರಿಯಾಗಿ ನೋಡುವುದು ಹೇಗೆ?

ಎಂಐಸಿ ಅಂದರೆ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆ. ಯೀಸ್ಟಿಗೆ ಪ್ರಯೋಗಾಲಯದ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐನ ಎಂ27, ಎಳೆಯಾಗಿ ಬೆಳೆಯುವವಕ್ಕೆ ಎಂ38 ಎಂಬ ಮಾನದಂಡಗಳಿವೆ. 96 ಕುಳಿಯ ತಟ್ಟೆಯಲ್ಲಿ 100 ಮೈಕ್ರೋಲೀಟರ್ ಕಣದ ದ್ರಾವಣವನ್ನು ಸಾಲಾಗಿ ಅರ್ಧರ್ಧ ತೆಳು ಮಾಡುತ್ತಾ ಹೋಗಿ, ಪ್ರತಿ ಕುಳಿಗೂ 100 ಮೈಕ್ರೋಲೀಟರ್ ಶಿಲೀಂಧ್ರ ಸೇರಿಸಿ. ಮಾಧ್ಯಮ ಆರ್‌ಪಿಎಂಐ 1640, ಮಾಪ್ಸ್ ಬಫರಿನಿಂದ ಪಿಎಚ್ 7ಕ್ಕೆ ತಂದದ್ದು. ಯೀಸ್ಟು ಕೊನೆಗೆ ಮಿಲಿಲೀಟರಿಗೆ 500ರಿಂದ 2,500 ಜೀವಕೋಶ ಇರಬೇಕು. 35 ಡಿಗ್ರಿಯಲ್ಲಿ ಕ್ಯಾಂಡಿಡಾಕ್ಕೆ 24 ಗಂಟೆ, ಕ್ರಿಪ್ಟೊಕಾಕಸ್‌ಗೆ 72 ಗಂಟೆ. ಹುಳುಕಡ್ಡಿಯ ಶಿಲೀಂಧ್ರಗಳಿಗೆ 1,000ದಿಂದ 3,000 ಬೀಜಕ, ನಾಲ್ಕು ದಿನ. ಪ್ರತಿ ಸಲವೂ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019 ತಳಿಯನ್ನು ಫ್ಲುಕೊನಜೋಲ್‌ನೊಂದಿಗೆ ಪಕ್ಕದಲ್ಲಿ ಓಡಿಸಿ. ಅದರ ಸಂಖ್ಯೆಯೇ ತಪ್ಪಿದ್ದರೆ ಆ ದಿನದ ತಟ್ಟೆ ಎಸೆಯಿರಿ.

ಈ ಮಾನದಂಡಗಳು ಕರಗುವ ಔಷಧಕ್ಕಾಗಿ ಮಾಡಿದವು, ಕಣಕ್ಕಾಗಿ ಅಲ್ಲ. ಕೈಕೊಡುವ ಜಾಗಗಳು ಅಲ್ಲಿಂದಲೇ ಶುರು. ಆರ್‌ಪಿಎಂಐನಲ್ಲಿ ಲೀಟರಿಗೆ 6 ಗ್ರಾಂ ಅಡುಗೆ ಉಪ್ಪಿದೆ. ಬೆಳ್ಳಿ ಅಯಾನು ಹೊರಬಂದ ಕೂಡಲೇ ಕ್ಲೋರೈಡಾಗಿ ಬೀಳುತ್ತದೆ. ಸಿಸ್ಟೀನ್, ಗ್ಲುಟಾಥಯೋನ್‌ನಂಥ ಗಂಧಕದ ಅಣುಗಳೂ ಅದನ್ನು ಹಿಡಿಯುತ್ತವೆ. ಹೀಗಾಗಿ ಬರೀ ನೀರಿನಲ್ಲಿ ಪರೀಕ್ಷಿಸಿದವರ ಸಂಖ್ಯೆಗೂ ಆರ್‌ಪಿಎಂಐನವರ ಸಂಖ್ಯೆಗೂ ಅಜಗಜಾಂತರ ಇರುವುದುಂಟು.

ಇನ್ನು ಓದುವ ಕಷ್ಟ. ಕಣದ ದ್ರಾವಣಕ್ಕೇ ಬಣ್ಣ ಇದೆ, ಮಬ್ಬೂ ಇದೆ. ಯಂತ್ರ ಅದನ್ನು ಬೆಳವಣಿಗೆ ಎಂದು ಓದುತ್ತದೆ. ಪ್ರತಿ ಸಾಂದ್ರತೆಗೂ ಶಿಲೀಂಧ್ರವಿಲ್ಲದ ಒಂದು ಕುಳಿ ಇಟ್ಟು ಕಳೆಯಬೇಕು. ಜೀವಂತ ಕೋಶವಿದ್ದರೆ ಬಣ್ಣ ಬದಲಿಸುವ ರೆಸಾಜುರಿನ್, ಎಂಟಿಟಿ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಕೆಲವು ಕಣಗಳು ಜೀವಕೋಶದ ನೆರವಿಲ್ಲದೆ ತಾವೇ ಆ ಬಣ್ಣವನ್ನು ಅಪಕರ್ಷಿಸುತ್ತವೆ. ಸತ್ತ ಕುಳಿ ಜೀವಂತವಾಗಿ ಕಾಣುತ್ತದೆ. ನಂಬಬೇಕಾದದ್ದು ಕಡೆಗೆ ವಸಾಹತು ಎಣಿಕೆಯನ್ನೇ. ಅಲ್ಲೂ ಕುಳಿಯಿಂದ ತೆಗೆದ ಹನಿಯ ಜೊತೆ ಬೆಳ್ಳಿ ಅಗರ್‌ಗೆ ಹೋಗಿ ಅಲ್ಲಿ ಕೊಲ್ಲುತ್ತದೆ. ಹರಡುವ ಮುಂಚೆ ಸೋಡಿಯಂ ಥಯೋಗ್ಲೈಕೊಲೇಟಿನಿಂದ ಬೆಳ್ಳಿಯನ್ನು ಕಟ್ಟಿಹಾಕಿ.

ಯಾವ ಹೋಲಿಕೆ ಪರೀಕ್ಷೆ ಇಲ್ಲದಿದ್ದರೆ ಫಲಿತಾಂಶ ಒಪ್ಪುವುದಿಲ್ಲ?

ನಾಲ್ಕು. ಅಷ್ಟೇ ಪ್ರಮಾಣದ ಬೆಳ್ಳಿ ನೈಟ್ರೇಟ್. ಲೇಪನದ ವಸ್ತು ಮಾತ್ರ. 3 ಅಥವಾ 10 ಕಿಲೋಡಾಲ್ಟನ್ ಜರಡಿಯಲ್ಲಿ ಕಣ ಸೋಸಿ ತೆಗೆದ ತಿಳಿ ದ್ರವ. ಇನ್ನು ಕಣವಿಲ್ಲದೆ ಅದೇ ರೀತಿ ತಯಾರಿಸಿದ ಖಾಲಿ ದ್ರಾವಣ. ಕೊನೆಯದನ್ನು ಮರೆಯುವವರೇ ಹೆಚ್ಚು. ಬೋರೋಹೈಡ್ರೈಡ್ ಕೊನೆಗೆ ಬೋರೇಟ್ ಆಗುತ್ತದೆ, ಬೋರಿಕ್ ಆಮ್ಲ ತಾನೇ ಕ್ಯಾಂಡಿಡಾ ವಿರುದ್ಧ ಬಳಸುವ ಹಳೆಯ ಔಷಧ. ಕಣಗಳನ್ನು ತೊಳೆಯದೆ ಸಾಂದ್ರಗೊಳಿಸಿದರೆ ಯಾವುದು ಕೊಂದಿತೆಂದು ಹೇಳುವುದು ಹೇಗೆ?

## ಇನ್ನೂ ಒಳಗೆ ಹೋದವರಿಗೆ

ಕ್ಯಾತಿಟರ್, ದಂತಪಂಕ್ತಿಯ ಮೇಲಿನ ಬಯೋಫಿಲ್ಮ್‌ಗೆ ಇದು ಹೆಚ್ಚು ಉಪಯೋಗ ಅಂತಾರೆ, ಯಾಕೆ?

ಬಯೋಫಿಲ್ಮ್ ಅಂದರೆ ಮೇಲ್ಮೈಗೆ ಅಂಟಿ ಲೋಳೆಯೊಳಗೆ ಬೆಳೆದ ಜೀವಕೋಶಗಳ ಪದರ. ಅಲ್ಲಿ ಕಣ ಎಲ್ಲಿಗೂ ಪ್ರಯಾಣ ಮಾಡಬೇಕಿಲ್ಲ. ಮೇಲ್ಮೈಯಲ್ಲೇ ಕೂತಿದ್ದು ಬಂದು ಅಂಟುವ ಮೊದಲ ಜೀವಕೋಶಗಳನ್ನು ಕೊಂದರೆ ಸಾಕು. ಬೆಳೆದುನಿಂತ ಬಯೋಫಿಲ್ಮ್‌ನ ಸಂಗತಿಯೇ ಬೇರೆ. ಸುತ್ತಲಿನ ಲೋಳೆ ಅಯಾನನ್ನು ಹೀರಿಕೊಳ್ಳುತ್ತದೆ, ಒಳಗಿನ ಜೀವಕೋಶಗಳು ತೆವಳುತ್ತಾ ಬದುಕುತ್ತವೆ. ಪ್ರಯೋಗದಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡಿ: ಮಿಲಿಲೀಟರಿಗೆ ಹತ್ತು ಲಕ್ಷ ಕ್ಯಾಂಡಿಡಾ ಹಾಕಿ 90 ನಿಮಿಷ ಅಂಟಲು ಬಿಟ್ಟು, ತೇಲುವವನ್ನು ತೊಳೆದು ಕಣ ಹಾಕಿದರೆ ತಡೆಯುವ ಶಕ್ತಿ ತಿಳಿಯುತ್ತದೆ. 24 ಗಂಟೆ ಬೆಳೆಸಿ ಆಮೇಲೆ ಹಾಕಿದರೆ ಕೀಳುವ ಶಕ್ತಿ. ಮೊದಲನೆಯದರಲ್ಲಿ ಗೆದ್ದದ್ದು ಎರಡನೆಯದರಲ್ಲಿ ಸೋಲುವುದೇ ಸಾಮಾನ್ಯ. ದಂತಪಂಕ್ತಿಯ ಅಕ್ರಿಲಿಕ್‌ಗೆ ಬೆಳ್ಳಿ ಬೆರೆಸಿದರೆ ಬಣ್ಣ ಕಪ್ಪಿಡುತ್ತದೆ, ಹೆಚ್ಚಾದರೆ ಬಲವೂ ತಗ್ಗುತ್ತದೆ.

ಫ್ಲುಕೊನಜೋಲ್ ಜೊತೆ ಕೊಟ್ಟರೆ ಪರಿಣಾಮ ಹೆಚ್ಚುತ್ತದೆಯೇ ಎಂದು ಲೆಕ್ಕ ಹಾಕುವುದು ಹೇಗೆ?

ಚದುರಂಗದ ಮಣೆಯಂತೆ ತಟ್ಟೆ ಹಾಕಿ, ಒಂದು ದಿಕ್ಕಿನಲ್ಲಿ ಔಷಧ, ಇನ್ನೊಂದರಲ್ಲಿ ಕಣ. ಜೊತೆಯಲ್ಲಿದ್ದಾಗಿನ ಎಂಐಸಿಯನ್ನು ಒಂಟಿಯಾಗಿದ್ದಾಗಿನ ಎಂಐಸಿಯಿಂದ ಭಾಗಿಸಿ, ಎರಡರದ್ದೂ ಕೂಡಿಸಿ. ಮೊತ್ತ 0.5 ಅಥವಾ ಕೆಳಗಿದ್ದರೆ ಪರಸ್ಪರ ಬಲ, 4ಕ್ಕಿಂತ ಮೇಲಿದ್ದರೆ ವಿರೋಧ. ನಡುವೆ ಬಂದರೆ ಸುಮ್ಮನಿರಿ. ಉದಾಹರಣೆಗೆ, ಫ್ಲುಕೊನಜೋಲ್ 64ರಿಂದ 8ಕ್ಕೆ, ಕಣ 8ರಿಂದ 2ಕ್ಕೆ ಇಳಿದರೆ 0.125 + 0.25 = 0.375. ಒಂದು ಕುಳಿಯ ತಪ್ಪು ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತದೆ, ಆದ್ದರಿಂದ ಮೂರು ಬೇರೆ ದಿನ ಮಾಡಿ. ಮನುಷ್ಯನ ಜೀವಕೋಶದ ಮೇಲೂ ಅದೇ ಮಣೆ ಹಾಕಿ. ವಿಷವೂ ಪರಸ್ಪರ ಬಲ ಪಡೆಯಬಲ್ಲದು.

ಲೋಹಕ್ಕೆ ಶಿಲೀಂಧ್ರ ಎಂದೂ ಒಗ್ಗುವುದಿಲ್ಲವಂತೆ?

ಒಗ್ಗುತ್ತದೆ. ಲೋಹ ಶಿಲೀಂಧ್ರಕ್ಕೆ ಹೊಸ ಶತ್ರುವಲ್ಲ. ನಮ್ಮ ರಕ್ಷಣಾ ಕೋಶಗಳು ನುಂಗಿದ ರೋಗಾಣುವಿನ ಮೇಲೆ ತಾಮ್ರ ಸುರಿಯುತ್ತವೆ, ಅದನ್ನು ತಾಳಿಕೊಳ್ಳಲು ಕ್ರಿಪ್ಟೊಕಾಕಸ್ ಮೆಟಲೋಥಯೋನಿನ್ ಎಂಬ ಲೋಹ ಕಟ್ಟುವ ಪ್ರೋಟೀನು ಮಾಡುತ್ತದೆ. ಕ್ಯಾಂಡಿಡಾ ಆಲ್ಬಿಕನ್ಸ್‌ಗೆ ಸಿಆರ್‌ಪಿ1 ಎಂಬ ಪಂಪು ಇದೆ, ತಾಮ್ರವನ್ನು ಹೊರದೂಡುವುದು ಅದರ ಕೆಲಸ. ಬ್ಯಾಕ್ಟೀರಿಯಾಗಳಲ್ಲಂತೂ ಇನ್ನೂ ಸೊಗಸಾದ ಉಪಾಯ ಕಂಡಿದೆ. ಬೆಳ್ಳಿ ಕಣಕ್ಕೆ ಮತ್ತೆಮತ್ತೆ ಒಡ್ಡಿದ ಇ. ಕೋಲೈ ತನ್ನ ಬಾಲದ ಪ್ರೋಟೀನನ್ನು ಹೊರಗೆ ಬಿಟ್ಟು ಕಣಗಳನ್ನೇ ಮುದ್ದೆಗಟ್ಟಿಸಿತು. ಹಲವು ಕಡೆ ಏಟು ಬಿದ್ದರೆ ಒಗ್ಗುವುದು ನಿಧಾನವಾಗುತ್ತದೆ, ಅಷ್ಟೇ.

ರಕ್ತಕ್ಕೆ ಚುಚ್ಚಿ ಶ್ವಾಸಕೋಶದ ಆಸ್ಪರ್ಜಿಲಸ್ ಕೊಲ್ಲಬಹುದಲ್ಲ?

ರಕ್ತಕ್ಕೆ ಇಳಿದ ಕಣದ ಮೇಲೆ ನಿಮಿಷಗಳಲ್ಲೇ ಪ್ರೋಟೀನಿನ ಹೊದಿಕೆ ಬೀಳುತ್ತದೆ. ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಅದನ್ನು ಹೆಕ್ಕಿ ನುಂಗುತ್ತವೆ, ಶ್ವಾಸಕೋಶಕ್ಕೆ ಉಳಿಯುವುದು ಸ್ವಲ್ಪ. ಮೂತ್ರದಲ್ಲಿ ಹೊರಹೋಗಬೇಕಾದರೆ ಕಣದ ಒಟ್ಟು ಗಾತ್ರ ಸುಮಾರು 5.5 ನ್ಯಾನೋಮೀಟರಿನೊಳಗಿರಬೇಕು. ಅದಕ್ಕಿಂತ ದೊಡ್ಡದು ಮೈಯಲ್ಲೇ ಬಹುಕಾಲ ಕೂರುತ್ತದೆ. ನಮ್ಮ ಅಭಿಪ್ರಾಯ ನೇರ: ಮೇಲ್ಮೈಗಳು, ಗಾಯ, ಉಪಕರಣಗಳಲ್ಲಿ ಈ ವಿದ್ಯೆಗೆ ಜಾಗವಿದೆ, ರಕ್ತನಾಳದಲ್ಲಿ ಸದ್ಯಕ್ಕಿಲ್ಲ. ಹಾಗೆಂದು ಹೇಳುವ ಅಳತೆಗೋಲೂ ಇದೆ. ಮನುಷ್ಯ ಜೀವಕೋಶದ ಅರ್ಧಪಾಲು ಕೊಲ್ಲುವ ಸಾಂದ್ರತೆಯನ್ನು ಎಂಐಸಿಯಿಂದ ಭಾಗಿಸಿ ನೋಡಿ, ಎರಡನ್ನೂ ಒಂದೇ ಮಾಧ್ಯಮದಲ್ಲಿ ಅಳೆದು. ಒಂದರ ಆಸುಪಾಸಿನ ಉತ್ತರ ಬಂದರೆ ಅದು ಔಷಧವಲ್ಲ, ಕ್ರಿಮಿನಾಶಕ.

ಮ್ಯೂಕರ್‌ಮೈಕೋಸಿಸ್‌ಗೆ ಕಬ್ಬಿಣದ ಆಕ್ಸೈಡ್ ಕಣ ಬಳಸುವ ಯೋಚನೆ ಇದೆ. ಸರಿಯೇ?

ಬಹಳ ಎಚ್ಚರ ಬೇಕು. ಜನ ಕಪ್ಪು ಶಿಲೀಂಧ್ರ ಎನ್ನುವ ಈ ರೋಗ ತರುವ ರೈಜೋಪಸ್‌ಗೆ ಕಬ್ಬಿಣವೆಂದರೆ ಊಟ. ಮಧುಮೇಹದ ಕೀಟೊಆಸಿಡೋಸಿಸ್‌ನಲ್ಲಿ ರಕ್ತ ಆಮ್ಲೀಯವಾಗಿ, ಟ್ರಾನ್ಸ್‌ಫೆರಿನ್ ಹಿಡಿದಿದ್ದ ಕಬ್ಬಿಣ ಸಡಿಲವಾದಾಗಲೇ ಅದು ಹಬ್ಬುವುದು. ಕಬ್ಬಿಣ ಹೊರತೆಗೆಯಲೆಂದು ಕೊಡುವ ಡಿಫೆರಾಕ್ಸಮಿನ್ ಕೂಡ ರೈಜೋಪಸ್‌ನ ಕೈಗೆ ಕಬ್ಬಿಣ ಒಪ್ಪಿಸಿ ಸೋಂಕಿನ ಅಪಾಯ ಹೆಚ್ಚಿಸುತ್ತದೆಂದು ಗೊತ್ತಿದೆ. ನಿಧಾನವಾಗಿ ಕರಗುವ ಕಬ್ಬಿಣದ ಕಣವನ್ನು ಅಲ್ಲಿಡುವ ಮುನ್ನ, ಕಬ್ಬಿಣ ಕಡಿಮೆ ಇರುವ ಮಾಧ್ಯಮದಲ್ಲಿ ಅದು ಬೆಳವಣಿಗೆಯನ್ನು ಹೆಚ್ಚಿಸುತ್ತದೆಯೇ ಎಂದು ಪರೀಕ್ಷಿಸಿ.

ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬಹುದಾ? ಕೆಲಸ ಮಾಡುವಾಗ ಏನು ಜಾಗ್ರತೆ?

ಸುರಿಯಬೇಡಿ. ಬೆಳ್ಳಿ ನೀರಿನ ಜೀವಿಗಳಿಗೆ ಅತಿ ಕಡಿಮೆ ಪ್ರಮಾಣದಲ್ಲೂ ವಿಷ. ಪ್ರತ್ಯೇಕ ಡಬ್ಬಿಯಲ್ಲಿ ಕೂಡಿಸಿ, ಬೋರೋಹೈಡ್ರೈಡ್ ಪೂರ್ತಿ ಸತ್ತ ಮೇಲೆ (ಒಂದೆರಡು ದಿನ, ಮುಚ್ಚಳ ಸಡಿಲ ಬಿಟ್ಟು, ಗಾಳಿಯಾಡುವ ಕಡೆ) ಉಪ್ಪು ಹಾಕಿದರೆ ಕಣಗಳು ಮುದ್ದೆಗಟ್ಟಿ, ಅಯಾನುಗಳು ಕ್ಲೋರೈಡಾಗಿ ಗಸಿ ಇಳಿಯುತ್ತವೆ. ಗಸಿಯನ್ನು ಲೋಹತ್ಯಾಜ್ಯಕ್ಕೆ ಕೊಡಿ. ಬೋರೋಹೈಡ್ರೈಡ್ ಇನ್ನೂ ಜೀವಂತವಿರುವಾಗ ಆಮ್ಲ ಬೆರೆಸಿದರೆ ಜಲಜನಕ ಭುಗ್ಗನೆ ಏಳುತ್ತದೆ. ಬೆಳ್ಳಿಯ ತ್ಯಾಜ್ಯಕ್ಕೆ ಅಮೋನಿಯಾ ಎಂದೂ ಸೇರಬಾರದು. ಆ ಮಿಶ್ರಣ ನಿಂತಲ್ಲೇ ಒಣಗಿದರೆ ಮುಟ್ಟಿದಾಗ ಸಿಡಿಯುವ ಕಪ್ಪು ಪುಡಿಯಾಗುತ್ತದೆ.

ಒಣ ಪುಡಿಯ ಕೆಲಸ ಗಾಳಿಯನ್ನು ಹೊರಗೆಳೆಯುವ ಹುಡ್‌ನೊಳಗೇ ಆಗಲಿ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ಸಂಸ್ಥೆ ನಿಯಾಶ್ 2021ರಲ್ಲಿ ಬೆಳ್ಳಿ ನ್ಯಾನೋಕಣಕ್ಕೆ ಸೂಚಿಸಿದ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 0.9 ಮೈಕ್ರೋಗ್ರಾಂ, ಅಂದರೆ ಕಣ್ಣಿಗೆ ಧೂಳು ಕಂಡಿತೆಂದರೆ ಮಿತಿ ಎಂದೋ ದಾಟಿದೆ. ಬೆಳ್ಳಿ ನೈಟ್ರೇಟ್ ತಾಗಿದ ಬೆರಳು ಆಗ ಏನೂ ಆಗಿಲ್ಲವೆಂಬಂತೆ ಇದ್ದು ಬೆಳಕಿಗೆ ಬಂದ ಮೇಲೆ ಕಪ್ಪಾಗುತ್ತದೆ. ಸೋಪಿಗೆ ಜಗ್ಗುವ ಕಲೆ ಅದಲ್ಲ, ಚರ್ಮ ಉದುರುವ ತನಕ ಇರುತ್ತದೆ.